ಮಳೆಮಾಪಕ ಹೇಳಿದ್ದನ್ನು ಊರಿಗೆ ಹೇಳೋರು ಯಾರು?

"ಬಿಇ ಮುಗಿಸಿ ಎಂಎ ಮಾಡ್ತೀರಾ?"

ಈ ಸೆಮಿಸ್ಟರಿನಲ್ಲಿ ನಾವು ಮೂವರೂ ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಅತ್ತೆ-ಮಾವಂದಿರು ಕೇಳಿದರು, ವಾರ್ಡನ್ ಕೇಳಿದರು, ಮೆಸ್ಸಿನಲ್ಲಿ ಎದುರು ಕೂತು ಚಪಾತಿ ತಿನ್ನುತ್ತಿದ್ದ ಜೂನಿಯರ್ ಕೂಡ ಕೇಳಿದ. ನಮ್ಮಲ್ಲಿ ಒಬ್ಬಳು ಸಿವಿಲ್, ಒಬ್ಬ ಕಂಪ್ಯೂಟರ್ ಸೈನ್ಸ್, ಇನ್ನೊಬ್ಬ ಎಲೆಕ್ಟ್ರಾನಿಕ್ಸ್. ಮುಂದೆ ಓದಬೇಕು ಅಂದುಕೊಂಡಿರೋದು ಸಾರ್ವಜನಿಕ ಆಡಳಿತ, ಅದರಲ್ಲೂ ವಿಪತ್ತು ನಿರ್ವಹಣೆ. "ಆಡಳಿತ" ಅಂದ ತಕ್ಷಣ ಜನರ ಕಣ್ಣಮುಂದೆ ಬರೋದು ಕಡತ, ಕೆಂಪು ದಾರ, ಊಟಕ್ಕೆ ಹೋಗಿರುವ ಗುಮಾಸ್ತ. ಅದನ್ನು ಎರಡು ವರ್ಷ ಕೂತು ಓದೋದಾ ಅಂತ ನಗ್ತಾರೆ. ನಗಲಿ ಬಿಡಿ. ಆರನೇ ಸೆಮಿಸ್ಟರಿನವರೆಗೆ ನಾವೂ ಅದನ್ನ ಓದೋ ವಿಷಯ ಅಂತ ಅಂದುಕೊಂಡಿರಲಿಲ್ಲ.

ಆರನೇ ಸೆಮಿಸ್ಟರಿನಲ್ಲಿ ನಮಗೆ ವಿಪತ್ತು ನಿರ್ವಹಣೆ ಓಪನ್ ಎಲೆಕ್ಟಿವ್ ಆಗಿ ಸಿಕ್ಕಿತು. "ಸಿಕ್ಕಿತು" ಅನ್ನೋದೇ ಸರಿಯಾದ ಪದ, ಯಾಕಂದ್ರೆ ಮೊದಲ ಆಯ್ಕೆಯ ಸೀಟುಗಳು ಪೋರ್ಟಲ್ ತೆರೆದ ನಾಲ್ಕು ನಿಮಿಷಕ್ಕೇ ಭರ್ತಿ. ಮೊದಲ ಕ್ಲಾಸಿಗೆ ಬಂದ ಮೇಡಂ ಬೋರ್ಡಿನ ಮೇಲೆ ಎರಡು ಇಸವಿ ಬರೆದರು: 1999, 2013. ಎರಡೂ ಒಡಿಶಾದ ಚಂಡಮಾರುತಗಳು, ಎರಡೂ ಅಕ್ಟೋಬರ್ ತಿಂಗಳಲ್ಲಿ ಬಂದವು. 1999ರ ಮಹಾಚಂಡಮಾರುತದಲ್ಲಿ ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. 2013ರ ಫೈಲಿನ್ ಬರುವ ಮುಂಚೆ ಸುಮಾರು ಹತ್ತು ಲಕ್ಷ ಜನರನ್ನು ಕರಾವಳಿಯಿಂದ ಸ್ಥಳಾಂತರಿಸಿದ್ದರು, ಸಾವಿನ ಸಂಖ್ಯೆ ಎರಡಂಕಿಯಲ್ಲೇ ನಿಂತಿತು. "ಈ ಹದಿನಾಲ್ಕು ವರ್ಷದಲ್ಲಿ ಏನು ಬದಲಾಯ್ತು?" ಅಂತ ಕೇಳಿದರು. ಇಡೀ ಕ್ಲಾಸು ಒಂದೇ ದನಿಯಲ್ಲಿ "ಸ್ಯಾಟಲೈಟ್" ಅಂದಿತು. ಇಂಜಿನಿಯರಿಂಗ್ ಕಾಲೇಜು ನೋಡಿ.

ಉಪಗ್ರಹಗಳು ಉತ್ತಮವಾದದ್ದು ನಿಜ. ಆದರೆ 1999ರಲ್ಲೂ ಹವಾಮಾನ ಇಲಾಖೆ ಮುನ್ಸೂಚನೆ ಕೊಟ್ಟಿತ್ತು. ಎರಸಮಾದಂಥ ತೀರದ ಬ್ಲಾಕಿನಲ್ಲಿ ಗುಡಿಸಲಲ್ಲಿ ಕೂತಿದ್ದವರಿಗೆ ಅದನ್ನು ತಲುಪಿಸುವ ದಾರಿ ಇರಲಿಲ್ಲ. ತಲುಪಿದ್ದರೂ ಎಲ್ಲಿಗೆ ಓಡಬೇಕು, ಮನೆ ಬಿಟ್ಟರೆ ದನಕರು ಯಾರು ನೋಡ್ತಾರೆ ಅನ್ನೋದಕ್ಕೆ ಉತ್ತರವಿರಲಿಲ್ಲ. ಅದೇ ವರ್ಷದ ಕೊನೆಗೆ ಒಡಿಶಾ ವಿಪತ್ತಿಗೇ ಮೀಸಲಾದ ಒಂದು ಸಂಸ್ಥೆ ಕಟ್ಟಿತು. ದೇಶಕ್ಕೆ ವಿಪತ್ತು ನಿರ್ವಹಣಾ ಕಾಯ್ದೆ ಬರಲು ಇನ್ನೂ ಆರು ವರ್ಷ ಬಾಕಿ ಇತ್ತು. ತೀರದುದ್ದಕ್ಕೂ ನೂರಾರು ಆಶ್ರಯ ಕಟ್ಟಡಗಳು ಎದ್ದವು. ಅವುಗಳಲ್ಲಿ ಎಷ್ಟೋ ಉಳಿದ ದಿನ ಶಾಲೆ. ಇದೊಂದು ಸಣ್ಣ ವಿಷಯ ಅನ್ನಿಸಬಹುದು, ಆದರೆ ನಮಗೆ ತುಂಬ ಹಿಡಿಸಿದ್ದು ಇದೇ. ವರ್ಷವಿಡೀ ಬೀಗ ಹಾಕಿದ ಕಟ್ಟಡದ ಕೀ ಆಪತ್ತಿನ ರಾತ್ರಿ ಸಿಗಲ್ಲ. ದಿನಾ ಮಕ್ಕಳು ಹೋಗಿ ಬರುವ ಕಟ್ಟಡದ ದಾರಿ ಅಜ್ಜಿಗೂ ಗೊತ್ತಿರುತ್ತೆ, ಅಲ್ಲಿ ಶೌಚಾಲಯ ಇರುತ್ತೆ, ಸುಣ್ಣ-ಬಣ್ಣಕ್ಕೆ ಬಜೆಟ್ಟೂ ಇರುತ್ತೆ. ಕಾಂಕ್ರೀಟು ಎಷ್ಟು ಗಟ್ಟಿ ಇರಬೇಕು ಅಂತ ನಾವು ಐಎಸ್ ಕೋಡ್ ನೋಡಿ ಹೇಳಬಲ್ಲೆವು. ಅದನ್ನು ಶಾಲೆ ಮಾಡಬೇಕು ಅಂತ ಯಾವ ಕೋಡಿನಲ್ಲೂ ನಾವು ನೋಡಿಲ್ಲ.

ನಮ್ಮ ರಾಜ್ಯಕ್ಕೇ ಬನ್ನಿ. ಬರ ಉಸ್ತುವಾರಿಗೆ ಅಂತ 1988ರಲ್ಲಿ ಶುರುವಾದ ಒಂದು ಘಟಕವೇ ಇವತ್ತಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಬೆಂಗಳೂರಿನ ಯಲಹಂಕದಲ್ಲಿದೆ. ಗ್ರಾಮ ಪಂಚಾಯಿತಿ ಮಟ್ಟಕ್ಕೂ ಮಳೆಮಾಪಕ ಇಟ್ಟಿದ್ದಾರೆ, ಒಟ್ಟು ಆರು ಸಾವಿರಕ್ಕೂ ಹೆಚ್ಚು. 15 ನಿಮಿಷಕ್ಕೊಮ್ಮೆ ಲೆಕ್ಕ ಬರುತ್ತೆ. ಸಿಡಿಲಿಗೆ "ಸಿಡಿಲು" ಅಂತ ಆ್ಯಪ್, ಬೆಂಗಳೂರಿನ ಮಳೆಗೆ "ಮೇಘಸಂದೇಶ" ಅಂತ ಇನ್ನೊಂದು. ನಮ್ಮ ಎಲೆಕ್ಟ್ರಾನಿಕ್ಸ್ ಗೆಳೆಯನಿಗೆ ಇದನ್ನ ಓದಿ ಖುಷಿಯೋ ಖುಷಿ. ಅವನ ಮಿನಿ ಪ್ರಾಜೆಕ್ಟು ಆರ್ಡ್ವಿನೋ ಮಳೆಮಾಪಕ. ಆದರೆ ಸಿವಿಲ್‌ನವಳು ಅವನಿಗೆ ಒಂದೇ ಪ್ರಶ್ನೆ ಕೇಳಿದಳು. "ರಾತ್ರಿ ಎರಡು ಗಂಟೆಗೆ ನಿನ್ನ ಮಾಪಕ ಇನ್ನೂರು ಮಿಲಿಮೀಟರ್ ಅಂತ ತೋರಿಸ್ತು ಅಂದ್ಕೋ. ನಮ್ಮ ಊರಿನ ಬಾಗಿಲು ತಟ್ಟೋರು ಯಾರು?"

ಅವಳು ಕೇಳಿದ್ದು ವಾದಕ್ಕಲ್ಲ. ಅವಳ ಊರು ಮಡಿಕೇರಿಯಿಂದಾಚೆ, ಮಕ್ಕಂದೂರಿನ ಕಡೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಅವಳು ಹೈಸ್ಕೂಲಿನಲ್ಲಿದ್ದಳು. ಬಾಗಿಲು ತಟ್ಟಿದ್ದು ಪಕ್ಕದ ಲೈನ್‌ಮನೆಯ ಹುಡುಗ. ಅವನಿಗೆ ಯಾರೂ ಹೇಳಿರಲಿಲ್ಲ, ಹಳ್ಳದ ನೀರು ಕೆಸರಾಗಿದ್ದು ನೋಡಿ ಅವನೇ ಓಡಿ ಬಂದಿದ್ದ. ಆಮೇಲೆ ಶಿಬಿರದಲ್ಲಿ ಎಷ್ಟೋ ದಿನ. ಅಕ್ಕಿ ಇತ್ತು, ಕಂಬಳಿ ಬೇಕಾದ್ದಕ್ಕಿಂತ ಜಾಸ್ತಿ ಇತ್ತು. ಹಳೇ ಬಟ್ಟೆಯಂತೂ ಮೂಲೆಯಲ್ಲಿ ಗುಡ್ಡೆ ಬಿದ್ದು ಒದ್ದೆಯಾಗಿ ವಾಸನೆ ಬರ್ತಿತ್ತಂತೆ. ಇಲ್ಲದಿದ್ದದ್ದು ಅಜ್ಜನ ಬಿಪಿ ಮಾತ್ರೆ, ಹೆಣ್ಣುಮಕ್ಕಳಿಗೆ ಪ್ಯಾಡ್. ಹೆಸರು ಬರೆದುಕೊಳ್ಳಲು ಮೂರು ಕಡೆಯವರು ಮೂರು ನೋಟ್‌ಬುಕ್ ಹಿಡಿದು ಬಂದರು. ಮೂರರಲ್ಲೂ ಅವಳ ಅಪ್ಪನ ಹೆಸರು ಮೂರು ಥರ. ಅದನ್ನು ಒಂದು ಮಾಡಿಸಲು ಅಪ್ಪ ಎಷ್ಟು ಸಲ ಬಸ್ಸು ಹತ್ತಿದರು ಅನ್ನೋದನ್ನ ಅವಳು ಇವತ್ತಿಗೂ ನಗುತ್ತಾ ಹೇಳಲ್ಲ.

ನಾವು ಗಮನಿಸಿದ್ದು ಏನಂದ್ರೆ, ಈ ಹಳೇ ಬಟ್ಟೆಯ ಗುಡ್ಡೆಗೂ ಒಂದು ಶಾಸ್ತ್ರೀಯ ಹೆಸರಿದೆ. ಅವಘಡದ ಜಾಗಕ್ಕೆ ಜನ, ವಾಹನ, ಸಾಮಾನು ಎಲ್ಲಾ ಕಡೆಯಿಂದ ಕೇಳದೇ ನುಗ್ಗುವುದನ್ನು ಅಮೆರಿಕದ ಸಂಶೋಧಕರು 1957ರಲ್ಲೇ "ಕನ್ವರ್ಜೆನ್ಸ್" ಅಂತ ಕರೆದು ಅಧ್ಯಯನ ಮಾಡಿದ್ದರು. 2004ರ ಸುನಾಮಿ ಆದಮೇಲೆ ನಾಗಪಟ್ಟಣದ ರಸ್ತೆ ಬದಿಯಲ್ಲೂ ಹೀಗೇ ಬಟ್ಟೆ ರಾಶಿ ಬಿದ್ದಿತ್ತು. ಅದರಲ್ಲಿ ಜನರ ಒಳ್ಳೇತನ ಇದೆ, ಯಾರೂ ಇಲ್ಲ ಅನ್ನಲ್ಲ. ಆದರೆ ಆ ಲಾರಿಗಳಿಗೆ ದಾರಿ ಬಿಡೋದು, ಇಳಿಸೋದು, ವಿಂಗಡಿಸೋದು ಇವೆಲ್ಲ ಯಾರದೋ ಕೈಯ ಕೆಲಸ, ಮತ್ತು ಆ ಕೈಗಳು ಅದೇ ಹೊತ್ತಿಗೆ ಬೇರೆಲ್ಲೋ ಬೇಕಾಗಿರುತ್ತವೆ. 1963ರಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿ ಆಮೇಲೆ ಡೆಲವೇರ್‌ಗೆ ಹೋದ ಡಿಸಾಸ್ಟರ್ ರಿಸರ್ಚ್ ಸೆಂಟರ್ ಇಂಥದ್ದನ್ನೇ ದಶಕಗಳಿಂದ ನೋಡುತ್ತಿದೆ. ಅವರ ಇನ್ನೊಂದು ಮಾತೂ ನಮಗೆ ಹೊಸದು: ಆಪತ್ತಿನಲ್ಲಿ ಜನ ಸಿನಿಮಾದಲ್ಲಿ ತೋರಿಸುವ ಹಾಗೆ ಕಿರುಚಿಕೊಂಡು ಒಬ್ಬರನ್ನೊಬ್ಬರು ತುಳಿದು ಓಡೋದು ಅಪರೂಪ. ಹೆಚ್ಚಿನವರು ಮೊದಲು ಪಕ್ಕದ ಮನೆಯವರನ್ನು ಎಬ್ಬಿಸುತ್ತಾರೆ. ಲೈನ್‌ಮನೆಯ ಹುಡುಗನ ಹಾಗೆ. "ಜನ ಗಾಬರಿಯಾಗ್ತಾರೆ, ಈಗಲೇ ಹೇಳೋದು ಬೇಡ" ಅಂತ ಸುದ್ದಿ ತಡೆಹಿಡಿಯುವ ಅಧಿಕಾರಿ ಈ ಒಂದು ಪಾಠ ಓದಿದ್ದರೆ ಸಾಕು.

ಸಿಎಸ್ ಗೆಳೆಯನನ್ನು ಹಿಡಿದು ಹಾಕಿದ್ದು ಮಾತ್ರ ಬೇರೆ. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 13 ದಿನ ಕಾಡ್ಗಿಚ್ಚು ಹಬ್ಬಿ 16 ಜನ ಸತ್ತರು. ಬೆಂಕಿ ಆರಿಸಲು ಬಂದ ಇಲಾಖೆಗಳು ಹಲವು. ಒಬ್ಬರ ರೇಡಿಯೋ ಇನ್ನೊಬ್ಬರಿಗೆ ಕೇಳಲ್ಲ, ಒಂದೇ ಗಾಡಿಗೆ ಬೇರೆ ಬೇರೆ ಹೆಸರು, ಯಾರ ಮಾತು ಯಾರು ಕೇಳಬೇಕು ಅನ್ನೋದೇ ತೀರ್ಮಾನವಾಗಿಲ್ಲ. ಈ ಗೋಜಲಿನಿಂದ ಹುಟ್ಟಿದ್ದು ಇನ್ಸಿಡೆಂಟ್ ಕಮಾಂಡ್ ಸಿಸ್ಟಮ್. ನಿಯಮಗಳು ಓದಲು ಬಾಲಿಶ ಅನ್ನಿಸುವಷ್ಟು ಸರಳ. ಒಬ್ಬನಿಗೆ ಒಬ್ಬನೇ ಮೇಲಧಿಕಾರಿ. ಒಬ್ಬನ ಕೈಕೆಳಗೆ ಮೂರರಿಂದ ಏಳು ಜನ, ಐದಾದರೆ ಉತ್ತಮ. ಎಲ್ಲರೂ ಒಂದೇ ಪದ ಬಳಸಬೇಕು, ತಮ್ಮ ಇಲಾಖೆಯ ಕೋಡ್ ಮಾತು ಬೇಡ. ಬೆಂಕಿ ದೊಡ್ಡದಾದರೆ ಮರದ ಕೊಂಬೆಯ ಹಾಗೆ ವ್ಯವಸ್ಥೆಯೂ ಬೆಳೆಯುತ್ತೆ, ಆರಿದರೆ ಕುಗ್ಗುತ್ತೆ. "ಇದು ಟ್ರೀ ಸ್ಟ್ರಕ್ಚರ್ರು, ಇಂಟರ್ಫೇಸು, ಲಾಕು. ಇದನ್ನೇ ಅಲ್ವೇನ್ರೋ ನಾವು ಮೂರು ವರ್ಷ ಓದಿದ್ದು?" ಅಂತ ಅವನು ಆ ರಾತ್ರಿ ನಮ್ಮಿಬ್ಬರನ್ನೂ ಮಲಗಲು ಬಿಡಲಿಲ್ಲ. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಇದನ್ನೇ ಭಾರತಕ್ಕೆ ಹೊಂದಿಸಿ ಮಾರ್ಗಸೂಚಿ ತಂದಿತು. ಜಿಲ್ಲೆಯಲ್ಲಿ ಡಿಸಿ ಹೊಣೆಗಾರ ಅಧಿಕಾರಿ, ಕೆಳಗೆ ಕಾರ್ಯಾಚರಣೆ, ಯೋಜನೆ, ಸರಂಜಾಮು ಅಂತ ಮೂರು ವಿಭಾಗ. 2005ರ ಕಾಯ್ದೆಯನ್ನೂ ತೆರೆದು ನೋಡಿ, ಕಾನೂನು ಅಂದ್ರೆ ನಿದ್ದೆ ಅನ್ನೋರೂ ಓದಬಹುದು. ಅದರ 50ನೇ ಸೆಕ್ಷನ್ ಪ್ರಕಾರ ತುರ್ತಿನಲ್ಲಿ ಟೆಂಡರ್ ಕರೆಯದೇ ಸಾಮಾನು ಕೊಳ್ಳಬಹುದು. ಅಂದ್ರೆ ಜೆಸಿಬಿ ಬರಲಿಲ್ಲ ಅನ್ನೋದಕ್ಕೆ ಟೆಂಡರ್ ಆಗಿಲ್ಲ ಅನ್ನೋದು ಕಾರಣವಾಗಬೇಕಿಲ್ಲ. ಈ ಸೆಕ್ಷನ್ ಇದೆ ಅಂತ ಆ ಹೊತ್ತಿಗೆ ಜ್ಞಾಪಕವಿರುವ ಒಬ್ಬರು ಆ ಕೋಣೆಯಲ್ಲಿ ಇರಬೇಕು, ಅಷ್ಟೇ.

ಇನ್ನೊಂದು ಹೆಸರು ಹೇಳಿಬಿಡ್ತೀವಿ, ಸಿಎಸ್‌ನವರು ಕಿವಿಗೊಡಿ. ಹರ್ಬರ್ಟ್ ಸೈಮನ್. ಕೃತಕ ಬುದ್ಧಿಮತ್ತೆಯ ಆರಂಭಿಕರಲ್ಲಿ ಒಬ್ಬ, 1975ರ ಟ್ಯೂರಿಂಗ್ ಪ್ರಶಸ್ತಿ ಹಂಚಿಕೊಂಡವನು, 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್. ಅವನು ಡಾಕ್ಟರೇಟ್ ಮಾಡಿದ್ದು ರಾಜ್ಯಶಾಸ್ತ್ರದಲ್ಲಿ, ಹೆಸರು ತಂದ ಮೊದಲ ಪುಸ್ತಕ ಆಡಳಿತದ ಬಗ್ಗೆ. ಮನುಷ್ಯನಿಗೆ ಎಲ್ಲ ಮಾಹಿತಿ ಸಿಗಲ್ಲ, ಎಲ್ಲ ಲೆಕ್ಕ ಹಾಕೋಕೆ ಹೊತ್ತೂ ಇರಲ್ಲ, ಹಾಗಾಗಿ ಅತ್ಯುತ್ತಮವಾದದ್ದನ್ನಲ್ಲ, ಸಾಕಷ್ಟು ಒಳ್ಳೆಯದನ್ನು ಆರಿಸ್ತಾನೆ ಅನ್ನೋದು ಅವನ ವಾದ. ಗುಡ್ಡ ಜಾರುವ ರಾತ್ರಿ ತಹಶೀಲ್ದಾರರ ಸ್ಥಿತಿ ಇದೇ. ನಾವು ಆಪ್ಟಿಮೈಸೇಶನ್ ಪೇಪರಿನಲ್ಲಿ ಬರೆಯೋ ಸಮಸ್ಯೆಗಳಲ್ಲಿ ಡೇಟಾ ಯಾವಾಗಲೂ ಪೂರ್ತಿ ಕೊಟ್ಟಿರ್ತಾರೆ.

ಈಗ ಓದೋದು ಎಲ್ಲಿ ಅನ್ನೋ ವಿಷಯ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ವಿಪತ್ತು ಅಧ್ಯಯನಕ್ಕೇ ಒಂದು ಸ್ಕೂಲ್ ಇದೆ, ಸ್ನಾತಕೋತ್ತರ ಪದವಿ ಕೊಡ್ತಾರೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸಾರ್ವಜನಿಕ ನೀತಿಯ ಮಾಸ್ಟರ್ಸ್ ಇದೆ. ಅಮೆರಿಕದಲ್ಲಾದರೆ ಮಾಸ್ಟರ್ ಆಫ್ ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ಒಳಗೇ ತುರ್ತು ನಿರ್ವಹಣೆಯನ್ನು ವಿಶೇಷ ವಿಷಯವಾಗಿ ತಗೋಬಹುದು. ಅಲ್ಲಿ ನಾರ್ತ್ ಟೆಕ್ಸಸ್ ವಿಶ್ವವಿದ್ಯಾಲಯ 1983ರಲ್ಲೇ ಈ ವಿಷಯಕ್ಕೆ ಪದವಿ ಶುರುಮಾಡಿತ್ತು. ಸಿಲಬಸ್ ನೋಡಿ ನಿರಾಶೆಯಾಗಬೇಡಿ: ಅರ್ಧ ಭಾಗ ಬಜೆಟ್, ಸಿಬ್ಬಂದಿ, ಅಂಕಿಅಂಶ, ಕಾನೂನು. ಹೆಲಿಕಾಪ್ಟರಿನಿಂದ ಹಗ್ಗ ಇಳಿಸೋದು ಎಲ್ಲೂ ಇಲ್ಲ. ಯುಪಿಎಸ್‌ಸಿ ಬರೆಯೋರಿಗೂ ಇದು ದೂರದ ವಿಷಯವಲ್ಲ, ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನ ಮೂರನೇ ಪತ್ರಿಕೆಯಲ್ಲೇ ವಿಪತ್ತು ನಿರ್ವಹಣೆ ಇದೆ.

ದುಡ್ಡಿನ ಮಾತು ಮುಚ್ಚಿಡೋದು ಬೇಡ. ಸಾಫ್ಟ್‌ವೇರ್ ಆಫರಿನ ಎದುರು ಈ ದಾರಿಯ ಮೊದಲ ಸಂಬಳ ಸಣ್ಣದಾಗಿಯೇ ಕಾಣುತ್ತೆ. ಇಲ್ಲಿ ಹುದ್ದೆಗಳು ಕಡಿಮೆ, ಅದರಲ್ಲೂ ಎಷ್ಟೋ ಗುತ್ತಿಗೆಯವು. ವಿದೇಶದಲ್ಲಿ ಓದಿದರೂ ಅಲ್ಲಿನ ಬಹಳಷ್ಟು ಸರ್ಕಾರಿ ಕೆಲಸಕ್ಕೆ ಪೌರತ್ವ ಕೇಳ್ತಾರೆ, ಸಾಲ ಮಾತ್ರ ಪೌರತ್ವ ಕೇಳದೇ ಬೆಳೆಯುತ್ತೆ. ಎಲೆಕ್ಟ್ರಾನಿಕ್ಸ್ ಗೆಳೆಯನ ಅಪ್ಪ ಲೋನ್ ಕಟ್ಟೋ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಅವನು ಕಂಪನಿಯ ಆಫರ್ ಒಪ್ಪಿಕೊಂಡಿದ್ದಾನೆ, ಎರಡು ವರ್ಷ ದುಡಿದು ಆಮೇಲೆ ನೋಡೋಣ ಅಂತ. ಆ "ಆಮೇಲೆ" ಬರುತ್ತೋ ಇಲ್ವೋ ಅಂತ ನಾವು ಅವನ ಮುಂದೆಯೇ ಜಗಳ ಆಡಿದ್ದೀವಿ. ಸಿವಿಲ್‌ನವಳು ಮುಂಬೈಗೆ ಹಾಕ್ತಿದ್ದಾಳೆ. ಅವಳ ಅಮ್ಮ "ಮಳೆ ಬಂದಾಗೆಲ್ಲ ಮತ್ತೆ ಅಲ್ಲಿಗೇ ಹೋಗೋ ಕೆಲಸಾನಾ?" ಅಂತ ಕೇಳಿ ಸುಮ್ಮನಾದರಂತೆ. ಸಿಎಸ್‌ನವನು ಇನ್ನೂ ತೂಗುತ್ತಿದ್ದಾನೆ, ಬಹುಶಃ ಸಾಕಷ್ಟು ಒಳ್ಳೆಯದನ್ನು ಆರಿಸ್ತಾನೆ.

ಅಷ್ಟರಲ್ಲಿ ಕ್ಯಾಂಪಸ್ಸಿನಲ್ಲೇ ಒಂದು ಕೆಲಸ ಹಿಡಿದಿದ್ದೀವಿ. ಕಳೆದ ಸೆಮಿಸ್ಟರಿನ ಅಗ್ನಿ ಅಣಕು ಕಾರ್ಯಾಚರಣೆ ನಿಮಗೆ ನೆನಪಿರಬಹುದು. ಸೈರನ್ ಹೊಡೀತು, ಎಲ್ಲರೂ ಇಳಿದು ಬಂದೆವು, ಅರ್ಧ ಜನ ನೇರ ಕ್ಯಾಂಟೀನಿಗೆ. ಮೈದಾನದಲ್ಲಿ ನಿಂತವರ ತಲೆ ಎಣಿಸಲು ಪಟ್ಟಿ ಬೇಕಿತ್ತು, ಪಟ್ಟಿ ಬೀಗ ಹಾಕಿದ ಆಫೀಸಿನ ಕಂಪ್ಯೂಟರಿನಲ್ಲಿತ್ತು. ವಾಪಸ್ ಹೋಗಿ ಅಂತ ಹೇಳಬೇಕಾದವರು ಯಾರು ಅಂತ ಗೊತ್ತಾಗದೆ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತೆವು. ಮುಂದಿನದಕ್ಕೆ ನಾವು ಹಾಸ್ಟೆಲ್ಲಿನ ಪ್ರತಿ ಮಹಡಿಗೂ ಒಂದು ಹಾಳೆ ಮಾಡ್ತಿದ್ದೀವಿ: ಕೋಣೆವಾರು ಹೆಸರು, ನಡೆಯಲು ಕಷ್ಟ ಇರೋರು ಯಾರು, ಎಣಿಸೋರು ಯಾರು, ಅವರಿಲ್ಲದಿದ್ದರೆ ಯಾರು, ಯಾವ ಕೀ ಯಾರ ಹತ್ತಿರ. ಎರಡನೇ ವರ್ಷದವರು ನಾಲ್ಕು ಜನ ಬಂದಿದ್ದಾರೆ, ಇನ್ನೂ ಐದಾರು ಜನ ಬೇಕು. ಸಂಜೆ ಏಳರ ಮೇಲೆ ಓದುಕೋಣೆಯಲ್ಲಿ ಸಿಗ್ತೀವಿ. ಎಲ್ಲ ಮಹಡಿಯ ಹಾಳೆ ಮುಗೀತಾ ಬಂತು, ಬಿ ಬ್ಲಾಕಿನ ಟೆರೇಸ್ ಬಾಗಿಲ ಕೀ ಯಾರ ಹತ್ತಿರ ಇದೆ ಅನ್ನೋದೊಂದು ಮಾತ್ರ ಇನ್ನೂ ಪತ್ತೆಯಾಗಿಲ್ಲ.