ಮಗುವಿನ ತೊದಲು, ಹಿರಿಯರ ನಗು

ಮಗು ತೊದಲಿದರೆ ಮನೆಯವರು ನಗುವುದು ಲೋಕರೂಢಿ. ಆ ನಗುವಿನಲ್ಲಿ ಕೆಟ್ಟ ಉದ್ದೇಶವಿರುವುದಿಲ್ಲ; ಆದರೂ ಅದು ನೋಯಿಸಬಲ್ಲದು. ಹಾಸನದ ಜವಳಿ ವ್ಯಾಪಾರಿಯೊಬ್ಬರಿಗೆ ಇದು ತಿಳಿದದ್ದು ಸ್ವಂತ ಮಗನಿಂದ.

ಬಾಲಕನಿಗೆ ಆರು ವರ್ಷ ತುಂಬಿದರೂ ರಕಾರ ನಾಲಿಗೆಗೆ ಬಂದಿರಲಿಲ್ಲ. ಸೀರೆ 'ಸೀಲೆ'ಯಾಗುತ್ತಿತ್ತು, ರವಿಕೆ 'ಲವಿಕೆ'. ಸಂಜೆ ಅಂಗಡಿಗೆ ಬಂದರೆ ಗುಮಾಸ್ತರು ಬಟ್ಟೆ ತೋರಿಸಿ, "ಇದೇನು ಹೇಳಪ್ಪ ಸಣ್ಣ ಧಣಿ" ಎಂದು ಕೇಳಿ ನಗುತ್ತಿದ್ದರು. ಗಿರಾಕಿಗಳು ನಗುತ್ತಿದ್ದರು; ಗಾದಿಯ ಮೇಲಿದ್ದ ತಂದೆಯೂ ನಗುತ್ತಿದ್ದರು. ಕ್ರಮೇಣ ಬಾಲಕ ಅಂಗಡಿಗೆ ಬರುವುದನ್ನೇ ಬಿಟ್ಟನು. ಬಸದಿಯಲ್ಲಿ ಎಲ್ಲರೊಡನೆ ಮಂತ್ರ ಹೇಳುವಾಗ ಅವನು ತುಟಿಯನ್ನಷ್ಟೇ ಆಡಿಸುವುದನ್ನು ತಾಯಿ ಗಮನಿಸಿದರು. 'ಅರಿಹಂತ' ಎಂಬ ಪದದಲ್ಲಿಯೂ ರಕಾರವಿದೆಯಲ್ಲವೆ?

ದಂಪತಿಗಳು ಅವನನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದರು. 1965ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಇಂದು ಮಾನಸಗಂಗೋತ್ರಿಯಲ್ಲಿದೆ. ತಜ್ಞರು ಮೊದಲು ಕಿವಿಯನ್ನು ಪರೀಕ್ಷಿಸಿದರು. ಸರಿಯಾಗಿ ಕೇಳದ ಧ್ವನಿಯನ್ನು ಮಗು ಸರಿಯಾಗಿ ನುಡಿಯುವುದು ಕಷ್ಟ. ಶ್ರವಣದಲ್ಲಿ ದೋಷವಿರಲಿಲ್ಲ. ಪ, ಬ, ಮ ಮೊದಲಾದ ತುಟಿಯ ಅಕ್ಷರಗಳು ಮಕ್ಕಳಿಗೆ ಬೇಗ ಬರುತ್ತವೆ, ರ, ಷ ಮುಂತಾದವು ತಡವಾಗಿ ಬರುತ್ತವೆ ಎಂದು ತಿಳಿಸಿ, ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸವನ್ನು ಕಲಿಸಿಕೊಟ್ಟರು.

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿದ ಮೇಲೆ ದಿನವೂ 10 ನಿಮಿಷ. ಆರಂಭದಲ್ಲಿ ಕೇಳುವುದು ಮಾತ್ರ. ತಾಯಿ 'ಕಾಲು' ಅಥವಾ 'ಕಾರು' ಎನ್ನುವರು. ಬಾಲಕ ತನ್ನ ಕಾಲನ್ನೋ ಆಟಿಕೆಯ ಕಾರನ್ನೋ ಮುಟ್ಟುವನು. ಬಳಿಕ ಕನ್ನಡಿಯ ಮುಂದೆ ನಾಲಿಗೆಯ ಪಾಠ. ಲಕಾರದಲ್ಲಿ ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದೆ ತಗುಲಿ ನಿಲ್ಲುತ್ತದೆ, ಉಸಿರು ಪಕ್ಕದಿಂದ ಹೊರಡುತ್ತದೆ. ರಕಾರದಲ್ಲಿ ತುದಿ ಥಟ್ಟನೆ ತಾಗಿ ಬಿಡುತ್ತದೆ. 'ಡ ಡ ಡ' ಎಂದು ಹಗುರವಾಗಿ, ವೇಗವಾಗಿ ನುಡಿಸಿದಾಗ ಆ ತಾಗುವಿಕೆಯ ರೂಢಿಯಾಯಿತು. ಅನಂತರ 'ಅರ', 'ಇರಿ'. ಆಮೇಲೆ ಪದ, ಕೊನೆಗೆ ವಾಕ್ಯ. ಒಂದು ಮೆಟ್ಟಿಲು ಗಟ್ಟಿಯಾಗದೆ ಮುಂದಿನದಕ್ಕೆ ಹೋಗುವಂತಿರಲಿಲ್ಲ.

ಉಳಿದ ವೇಳೆಯಲ್ಲಿ ಅವನ ಮಾತನ್ನು ತಡೆದು ತಿದ್ದಕೂಡದು. "ಅಮ್ಮಾ, ಕುದುಲೆ!" ಎಂದರೆ, "ಹೌದಪ್ಪ, ಎಷ್ಟು ದೊಡ್ಡ ಕುದುರೆ!" ಎಂಬ ಉತ್ತರ ಸಾಕು. ಸರಿಯಾದ ಧ್ವನಿ ಕಿವಿಗೆ ಬೀಳುತ್ತದೆ, ಮಗುವಿನ ಉತ್ಸಾಹಕ್ಕೆ ಭಂಗವಿಲ್ಲ.

ತಾಯಿಗೆ ಸುಲಭವಾದ ಈ ನಿಯಮ ತಂದೆಗೆ ಕಠಿಣವಾಯಿತು. ಲೆಕ್ಕದ ಪುಸ್ತಕದಲ್ಲಿ ತಪ್ಪು ಕಂಡರೆ ಕೂಡಲೇ ತಿದ್ದುವ ಅಭ್ಯಾಸ ಅವರದು. ಮಗ ತಪ್ಪಿದಾಗಲೆಲ್ಲ "ಸರಿಯಾಗಿ ಹೇಳು" ಎನ್ನುತ್ತಿದ್ದರು. ಬಾಲಕ ತಲೆ ತಗ್ಗಿಸುತ್ತಿದ್ದನು. ಒಂದು ಸಂಜೆ ಅವನು, "ಅಪ್ಪಾ, ನೀವು ನಗೋದಿಲ್ಲ ಅಂದ್ಲೆ ಹೇಳ್ತೀನಿ" ಎಂದನು. ತಂದೆಗೆ ಉತ್ತರ ಹೊಳೆಯಲಿಲ್ಲ. ಯಾರಿಗೂ ಕೇಡು ಬಗೆಯದ ತಾವು ಮಗನನ್ನೇ ನೋಯಿಸಿದ್ದೆವೆಂಬ ಅರಿವು ಅವರಿಗಾಯಿತು. ಮರುದಿನ ಅಂಗಡಿಯಲ್ಲಿ, "ಇನ್ನು ಮುಂದೆ ಹುಡುಗನ ಮಾತಿಗೆ ಯಾರೂ ನಗಬೇಡಿ, ಮೊದಲು ನಕ್ಕವನು ನಾನೇ" ಎಂದು ಎಲ್ಲರೆದುರು ಹೇಳಿದರು.

ರಕಾರ ಒಮ್ಮೆಲೇ ಬರಲಿಲ್ಲ. ಅಭ್ಯಾಸದಲ್ಲಿ 'ಸೀರೆ' ಎಂದವನು ಆಟದಲ್ಲಿ ಹಲವು ತಿಂಗಳು 'ಸೀಲೆ'ಯೆಂದೇ ಅನ್ನುತ್ತಿದ್ದನು. ಆದರೆ ಅವನು ಪುನಃ ಅಂಗಡಿಗೆ ಬರತೊಡಗಿದನು. ಬಸದಿಯಲ್ಲಿಯೂ ಅವನ ದನಿ ಕೇಳಿಬಂತು. ಅಕ್ಷರ ಇನ್ನೂ ಅರ್ಧ ತೊದಲಾಗಿತ್ತು. ಪಕ್ಕದಲ್ಲಿ ನಿಂತ ತಂದೆ ತಿದ್ದಲಿಲ್ಲ, ತಾವೂ ದನಿಗೂಡಿಸಿದರು.