ಶಂಕೆ ಮತ್ತು ಸಾಕ್ಷ್ಯ

ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿಯೇ ಜೋಡಿಸಿದ ಗಣಕಯಂತ್ರವು ಹೊತ್ತುಗೊತ್ತಿಲ್ಲದೆ ನಿಂತುಹೋದರೆ ದೋಷವನ್ನು ಯಾವುದರ ಮೇಲೆ ಹೊರಿಸಬೇಕು? ಅಂಗಡಿಯ ಲೆಕ್ಕಪತ್ರಗಳಿಗೆಂದು ಮೊಮ್ಮಗನು ಜೋಡಿಸಿದ ಯಂತ್ರವು ಹೀಗಾದಾಗ, ಅವನು ಪವರ್ ಸಪ್ಲೈಯನ್ನು ಶಂಕಿಸಿ ಮಾರಿದವರಿಗೆ ಹಿಂತಿರುಗಿಸಲು ಹೊರಟನು. ವಿಂಡೋಸ್ ದಾಖಲೆಯಲ್ಲಿದ್ದ ‘ಕರ್ನಲ್-ಪವರ್ 41’ ಎಂಬ ನಮೂದೇ ಅವನಿಗೆ ಆಧಾರ. ಆದರೆ ಆ ನಮೂದು ಯಂತ್ರವು ಕ್ರಮವಾಗಿ ಮುಚ್ಚದೆ ನಿಂತಿತೆಂದಷ್ಟೇ ಹೇಳುತ್ತದೆ. ಏಕೆ ನಿಂತಿತೆಂದು ಹೇಳುವುದಿಲ್ಲ. ನಗದು ಪುಸ್ತಕದ ಶಿಲ್ಕಿಗೆ ಪೆಟ್ಟಿಗೆಯ ಹಣ ತಾಳೆಯಾಗದ ಮಾತ್ರಕ್ಕೆ ಗುಮಾಸ್ತನನ್ನು ಕಳ್ಳನೆನ್ನಲಾದೀತೆ?

ಒಮ್ಮೆಗೆ ಒಂದನ್ನೇ ಬದಲಿಸಿ ನೋಡುವುದು ಶೋಧನೆಯ ನಿಯಮ. ಮೊದಲು ಬಯೋಸ್‌ನಲ್ಲಿ ರ‍್ಯಾಮ್‌ನ ವೇಗವನ್ನು ಸಾಮಾನ್ಯ ಮಟ್ಟಕ್ಕೆ ಇಳಿಸಿದೆವು. ಯಂತ್ರ ಮತ್ತೆ ನಿಂತಿತು. ಬಳಿಕ ಎರಡು ರ‍್ಯಾಮ್‌ಗಳನ್ನು ಒಂದೊಂದಾಗಿ ಅದೇ ಸ್ಲಾಟ್‌ನಲ್ಲಿಟ್ಟು ಮೆಮ್‌ಟೆಸ್ಟ್86 ನಡೆಸಿದೆವು. ಒಂದರಲ್ಲಿ ರಾತ್ರಿಯಿಡೀ ಒಂದು ತಪ್ಪೂ ಕಾಣಲಿಲ್ಲ. ಇನ್ನೊಂದರಲ್ಲಿ ಕೆಲವೇ ನಿಮಿಷಗಳಲ್ಲಿ ತಪ್ಪುಗಳ ಸಾಲು. ಸ್ಲಾಟ್ ಬದಲಿಸಿದರೂ ತಪ್ಪು ಆ ರ‍್ಯಾಮನ್ನೇ ಹಿಂಬಾಲಿಸಿತು. ಅದನ್ನು ತೆಗೆದ ಮೇಲೆ ಅದೇ ಪವರ್ ಸಪ್ಲೈಯಿಂದಲೇ ಯಂತ್ರವು ವಾರಗಟ್ಟಲೆ ನಿಲ್ಲದೆ ನಡೆಯಿತು.

ಕೆಟ್ಟ ರ‍್ಯಾಮ್ ಯಂತ್ರವನ್ನು ನಿಲ್ಲಿಸುವುದಷ್ಟೇ ಅಲ್ಲ. ಅದರಲ್ಲಿ ಒಂದೇ ಒಂದು ಬಿಟ್ ಪಲ್ಲಟವಾದರೂ ಲೆಕ್ಕದ ಅಂಕಿಯು ಸದ್ದಿಲ್ಲದೆ ಬದಲಾಗಬಹುದು. ಆದಕಾರಣ ಆ ದಿನಗಳ ಜಮಾಖರ್ಚನ್ನೆಲ್ಲ ಕಾಗದದ ಬಿಲ್ಲುಗಳೊಡನೆ ತಾಳೆ ನೋಡಿದೆವು. ಪರೀಕ್ಷೆಯ ಫಲಿತಾಂಶವನ್ನು ತೋರಿಸಿದಾಗ, ಮಾರಿದವರು ವಾರಂಟಿಯಂತೆ ಬೇರೆ ರ‍್ಯಾಮ್ ಕೊಟ್ಟರು.

ಶಂಕೆಯು ಶೋಧನೆಯ ಆರಂಭವೇ ಹೊರತು ತೀರ್ಪಲ್ಲ. ನಿರ್ದೋಷವಾದ ವಸ್ತುವನ್ನು ಹಿಂತಿರುಗಿಸಿದರೆ ಮಾರಿದವನಿಗೆ ಅನ್ಯಾಯ. ದೋಷವಾದರೋ ನಮ್ಮ ಮನೆಯಲ್ಲಿಯೇ ಉಳಿಯುತ್ತದೆ.