ಫೇರ್‌ಬ್ಯಾಂಕ್ಸಿನ ಪಂದ್ಯಪಟ್ಟಿ

ಆಂಕರೇಜ್ ನಗರದಿಂದ ಉತ್ತರಾಭಿಮುಖವಾಗಿ ಹೊರಟ ಹೆದ್ದಾರಿಯು ಡೆನಾಲಿ ಪರ್ವತದ ಸೀಮೆಯನ್ನು ಹಾದು, ಸುಮಾರು 360 ಮೈಲಿ ಕ್ರಮಿಸಿದ ಮೇಲೆ ಫೇರ್‌ಬ್ಯಾಂಕ್ಸನ್ನು ಮುಟ್ಟುತ್ತದೆ. ಅಲಾಸ್ಕದ ಒಳನಾಡಿನ ಈ ಊರು ಬೆಳೆದದ್ದು ಚಿನ್ನದ ಆಸೆಯಿಂದ. 1902ರಲ್ಲಿ ಫೆಲಿಕ್ಸ್ ಪೆದ್ರೊ ಎಂಬ ಇಟಲಿಯವನು ಸಮೀಪದ ಬೆಟ್ಟಗಳಲ್ಲಿ ಚಿನ್ನವನ್ನು ಕಂಡ. ಚಿನ್ನದ ಗದ್ದಲ ಅಡಗಿತು. ಚಳಿ ಮಾತ್ರ ಎಂದಿನಂತೆ ಉಳಿಯಿತು. ಡಿಸೆಂಬರಿನ ಕೊನೆಯ ವಾರಗಳಲ್ಲಿ ಹಗಲು ನಾಲ್ಕು ಗಂಟೆಗಳನ್ನೂ ತುಂಬುವುದಿಲ್ಲ. ಉಷ್ಣಮಾನ ಸೊನ್ನೆಗಿಂತ 40 ಅಂಶ ಕೆಳಗಿಳಿಯುವುದುಂಟು. ಆ ಬಿಂದುವಿನಲ್ಲಿ ಸೆಂಟಿಗ್ರೇಡೂ ಫ್ಯಾರನ್‌ಹೀಟೂ ಒಂದೇ ಆಗುವುದರಿಂದ ಅಳತೆಯ ಜಗಳವಾದರೂ ತಪ್ಪುತ್ತದೆ! ರಾತ್ರಿ ಬಯಲಲ್ಲಿ ನಿಲ್ಲಿಸಿದ ಮೋಟಾರಿನ ಎಂಜಿನ್ನನ್ನು ವಿದ್ಯುತ್ತಿನಿಂದ ಬೆಚ್ಚಗಿಡದಿದ್ದರೆ ಬೆಳಿಗ್ಗೆ ಅದು ಕದಲುವುದೇ ಕಷ್ಟ.

ಹೊರಗೆ ಹೀಗಿರುವಾಗ, ಚೀನಾ ನದಿಯ ದಡದ ಕಾರ್ಲ್‌ಸನ್ ಸೆಂಟರಿನೊಳಗೆ ದೀಪಗಳು ಬೆಳಗುತ್ತವೆ. ನದಿಯ ಹೆಸರಿಗೂ ಚೀನಾ ದೇಶಕ್ಕೂ ಸಂಬಂಧವಿಲ್ಲ. ಇಲ್ಲಿನ ವಿಶ್ವವಿದ್ಯಾನಿಲಯದ ಹಾಕಿ ತಂಡಕ್ಕೆ ‘ನಾನೂಕ್ಸ್’ ಎಂದು ಹೆಸರು. ಅಲ್ಲಿನ ಮೂಲನಿವಾಸಿಗಳ ನುಡಿಯಲ್ಲಿ ಹಿಮಕರಡಿ ಎಂದರ್ಥ. ಇದು ಹುಲ್ಲಿನ ಮೇಲಿನ ಹಾಕಿಯಲ್ಲ. ಕಾಲಿಗೆ ಉಕ್ಕಿನ ಅಲಗು ಕಟ್ಟಿದ ಆರಾರು ಮಂದಿ, ಚೆಂಡಿಗೆ ಬದಲಾಗಿ ರಬ್ಬರಿನ ಬಿಲ್ಲೆಯನ್ನು ಮಂಜುಗಡ್ಡೆಯ ಮೇಲೆ ಅಟ್ಟಿಸಿಕೊಂಡು ಹೋಗುವ ಆಟ. ದೀರ್ಘ ರಾತ್ರಿಗಳ ಊರಿಗೆ ಇದೊಂದು ಹಬ್ಬ.

ಆದರೆ ಹಬ್ಬಕ್ಕೆ ನೆಂಟರು ಬರಬೇಕಲ್ಲ!

ಅಮೆರಿಕದ ಕಾಲೇಜು ತಂಡಗಳು ಸಾಮಾನ್ಯವಾಗಿ ‘ಕಾನ್ಫರೆನ್ಸ್’ ಎಂಬ ಒಕ್ಕೂಟಗಳಲ್ಲಿ ಸೇರಿರುತ್ತವೆ. ಒಂದು ತಂಡ ವರ್ಷಕ್ಕೆ ಆಡಬಹುದಾದ ಪಂದ್ಯಗಳು 34 ಎಂಬುದು ಎನ್‌ಸಿಎಎ ಎಂಬ ಕಾಲೇಜು ಕ್ರೀಡಾಮಂಡಲಿಯ ಕಟ್ಟಳೆ. ಬಿಗ್ ಟೆನ್ ಒಕ್ಕೂಟವನ್ನೇ ನೋಡಬಹುದು. ಹೆಸರಿನಲ್ಲಿ ಹತ್ತಿದ್ದರೂ ಹಾಕಿಯಾಡುವ ಕಾಲೇಜುಗಳು ಏಳು. ಪ್ರತಿಯೊಂದೂ ಉಳಿದ ಆರರೊಡನೆ ನಾಲ್ಕು ನಾಲ್ಕು ಸಲ ಸೆಣಸಿದರೆ 24 ಪಂದ್ಯಗಳು ಮುಗಿದವು. ಇವುಗಳ ದಿನಾಂಕಗಳನ್ನು ಒಕ್ಕೂಟವೇ ಗೊತ್ತುಪಡಿಸುತ್ತದೆ. ಮಿಕ್ಕ ಹತ್ತು ಹೊರಗಿನವರೊಡನೆ ಆಡುವ ಪಂದ್ಯಗಳು. ಅವನ್ನು ಕಾಲೇಜುಗಳೇ ಪರಸ್ಪರ ಮಾತನಾಡಿ ಕುದುರಿಸಿಕೊಳ್ಳಬೇಕು. ಇದು ಹೆಚ್ಚುಕಡಿಮೆ ಮದುವೆಮನೆಯ ಮುಯ್ಯಿಯ ಲೆಕ್ಕ: ಈ ವರ್ಷ ನೀವು ನಮ್ಮಲ್ಲಿಗೆ ಬನ್ನಿ, ಬರುವ ವರ್ಷ ನಾವು ನಿಮ್ಮಲ್ಲಿಗೆ. ಅನುಕೂಲಸ್ಥರು ಹಣ ಕೊಟ್ಟೇ ಕರೆಸಿಕೊಳ್ಳುವುದೂ ಉಂಟು.

ಫೇರ್‌ಬ್ಯಾಂಕ್ಸಿಗೂ ಆಂಕರೇಜಿಗೂ ಒಂದು ಕಾಲದಲ್ಲಿ ಒಕ್ಕೂಟದ ಆಸರೆಯಿತ್ತು. 2019ರಲ್ಲಿ ಆ ಡಬ್ಲ್ಯುಸಿಎಚ್‌ಎ ಒಕ್ಕೂಟದ ಏಳು ಕಾಲೇಜುಗಳು ತಾವು ಬೇರೆಯಾಗುವುದಾಗಿ ಸಾರಿದವು. 2021ರಲ್ಲಿ ಹೊಸ ಮನೆ ಹೂಡಿದವು. ಹಿಂದುಳಿದವು ಅಲಾಸ್ಕದ ಈ ಎರಡು ಮತ್ತು ದೂರದ ದಕ್ಷಿಣದ ಅಲಬಾಮ ಹಂಟ್ಸ್‌ವಿಲ್. ಮೂರೂ ಕಡೆಗೆ ವಿಮಾನದ ಖರ್ಚು ಭಾರಿ. ಹಂಟ್ಸ್‌ವಿಲ್ ತಂಡ ಅದೇ ವರ್ಷ ನಿಂತುಹೋಯಿತು. ಆಂಕರೇಜಿನ ತಂಡವನ್ನೂ ಹಣದ ಮುಗ್ಗಟ್ಟಿನಿಂದ ಮುಚ್ಚುವುದೆಂದು 2020ರಲ್ಲಿಯೇ ನಿರ್ಧಾರವಾಗಿತ್ತು. ಆದರೆ ಅಭಿಮಾನಿಗಳು ಸುಮಾರು 30 ಲಕ್ಷ ಡಾಲರು ಕೂಡಿಸಿ ಅದನ್ನು ಉಳಿಸಿಕೊಂಡರು. ಏಳು ಕಾಲೇಜುಗಳನ್ನು ದೂರುವುದು ಸುಲಭ. ಆದರೆ ಪ್ರಯಾಣದ ಹಣ ತೆರಬೇಕಾದವರು ಅವರೇ.

ಒಕ್ಕೂಟವಿಲ್ಲದ ಫೇರ್‌ಬ್ಯಾಂಕ್ಸಿಗೆ 34 ಪಂದ್ಯಗಳೂ ಮುಯ್ಯಿಯ ಪಂದ್ಯಗಳೇ ಆದವು. ಶರದೃತುವಿನಲ್ಲಿ ಹೇಗೋ ನಡೆಯುತ್ತದೆ. ಅಲಾಸ್ಕಕ್ಕೆ ಹೋಗಿ ಆಡಿದ ಪಂದ್ಯಗಳನ್ನು 34ರ ಮಿತಿಗೆ ಹಿಡಿಯದಿರುವ ವಿನಾಯಿತಿಯೊಂದು ನಿಯಮದಲ್ಲಿದೆ. ಎರಡು ಪಂದ್ಯ ಹೆಚ್ಚಿಗೆ ದೊರೆಯುವ ಆಸೆಗೆ ಅತಿಥಿಗಳು ವಿಮಾನವೇರುತ್ತಾರೆ. ಕಷ್ಟವಿರುವುದು ಜನವರಿಯ ನಂತರ. ಆಗ ಎಲ್ಲರೂ ತಮ್ಮ ತಮ್ಮ ಒಕ್ಕೂಟದ ಪಂದ್ಯಗಳಲ್ಲಿ ಮುಳುಗಿರುತ್ತಾರೆ, ಕರೆದರೂ ಬರುವವರಿಲ್ಲ. ತಂಡವೇ ಗಂಟುಮೂಟೆ ಕಟ್ಟಿ ದೂರ ಹೋಗಬೇಕು, ಇಲ್ಲವೆ ತನ್ನಂತೆ ಒಂಟಿಯಾದವರನ್ನು ಹುಡುಕಬೇಕು.

ಪಟ್ಟಿ ತುಂಬಿದರೂ ಕೊರತೆ ತೀರದು. 2022–23ರಲ್ಲಿ ನಾನೂಕ್ಸ್ 22 ಪಂದ್ಯಗಳನ್ನು ಗೆದ್ದು, ಹತ್ತರಲ್ಲಿ ಸೋತು, ಎರಡನ್ನು ಸಮಮಾಡಿಕೊಂಡರು. ರಾಷ್ಟ್ರೀಯ ಸ್ಪರ್ಧೆಗೆ ಹದಿನಾರು ತಂಡಗಳಿಗೆ ಪ್ರವೇಶ. ಅದರಲ್ಲಿ ಆರು ಸ್ಥಾನಗಳು ಆರು ಒಕ್ಕೂಟಗಳ ವಿಜೇತರಿಗೆ ಮೀಸಲು. ಉಳಿದವರನ್ನು, ಯಾರೊಡನೆ ಆಡಿ ಗೆದ್ದರು ಎಂಬುದನ್ನೂ ಕೂಡಿಸಿ ಕಳೆದು, ಲೆಕ್ಕದಿಂದ ಆರಿಸುತ್ತಾರೆ. ಅಷ್ಟೇನೂ ಗೆಲುವುಗಳಿಲ್ಲದಿದ್ದ ಕೊಲ್ಗೇಟ್ ತಂಡ ತನ್ನ ಒಕ್ಕೂಟದ ಅಂತಿಮ ಪಂದ್ಯದಲ್ಲಿ ಹಾರ್ವರ್ಡನ್ನು ಮಣಿಸಿ ನೇರವಾಗಿ ಒಳಹೊಕ್ಕಿತು. ಗೆಲ್ಲಲು ಅಂಥ ಕೊನೆಯ ಪಂದ್ಯವೇ ಇಲ್ಲದ ಫೇರ್‌ಬ್ಯಾಂಕ್ಸ್ ಸ್ವಲ್ಪದರಲ್ಲಿ ಹೊರಗುಳಿಯಿತು.

ಅದೇ ಋತುವಿನಲ್ಲಿ ಆಂಕರೇಜಿನ ತಂಡ ಮಂಜಿನಂಗಳಕ್ಕೆ ಮರಳಿತ್ತು. ಗವರ್ನರ್ಸ್ ಕಪ್ಪಿಗಾಗಿ ಈ ಎರಡು ಊರುಗಳ ಹಳೆಯ ಸೆಣಸಾಟ ಮತ್ತೆ ಮೊದಲಾಯಿತು. ನೆರೆಯೂರೆಂದರೆ ಇವರಿಗೆ ಆ 360 ಮೈಲಿಯ ಹಾದಿಯ ಇನ್ನೊಂದು ತುದಿ.